ಎಡಕ್ಕೆ ತಿರುಗಿದಾಗ

ಆ ಬೀದಿಯಲ್ಲಿ ಗ್ಯಾರೇಜುಗಳಿಗೇನೂ ಬರವಿರಲಿಲ್ಲ. ಆದರೂ ಜನ ಕಿವಿಯಣ್ಣನ ಗ್ಯಾರೇಜನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದೀಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಗಾಡಿ ಗೇಟು ದಾಟಿ ಒಳಗೆ ಬರುವಷ್ಟರಲ್ಲಿ ಸದ್ದು ಕೇಳಿಯೇ ಬೇರಿಂಗೋ ಬೆಲ್ಟೋ ಎಂದು ಹೇಳಿಬಿಡುವವನಿಗೆ ಬೇರೆ ಹೆಸರು ಯಾಕೆ ಬೇಕು? ಬಾನೆಟ್ ಎತ್ತುವುದೆಲ್ಲ ಆಮೇಲಿನ ಮಾತು.

ಅವನ ಹೆಂಡತಿ ಮುಂದಿನ ಸಣ್ಣ ಕೋಣೆಯಲ್ಲಿ, ಬಿಡಿಭಾಗಗಳ ಕಪಾಟಿನ ಪಕ್ಕ ಕೂತು ಫೋನು, ಬಿಲ್ಲು ನೋಡಿಕೊಳ್ಳುತ್ತಿದ್ದಳು. ಬರುವವರೆಲ್ಲ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ, ಅವಳನ್ನು ಅಕ್ಕ ಎನ್ನುತ್ತಿದ್ದರು. ಗಂಡನ ಕಿವಿ ಮಂದವಾಗುತ್ತಿದೆ ಎಂದು ಅಕ್ಕನಿಗೆ ಗೊತ್ತಾಗಿ ಬಹಳ ಕಾಲವಾಗಿತ್ತು. ಎಂಜಿನ್ನಿನ ದಪ್ಪ ದನಿ ಅವನಿಗೆ ಕೇಳಿಸುತ್ತಿತ್ತು. ಸಣ್ಣ ಸದ್ದುಗಳು, ಕೀರಲು ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಬಿಟ್ಟುಹೋಗಿದ್ದವು.

ಇದನ್ನು ಅವನ ಮುಖಕ್ಕೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹೇಳಿದರೆ ಅವನ ಹತ್ತಿರ ಉಳಿಯುವುದೇನು? ಹಾಗಾಗಿ ಅವಳೇ ಅವನ ಕಿವಿಯಾದಳು, ಅದೂ ಅವನಿಗೆ ಗೊತ್ತಾಗದ ಹಾಗೆ. ಗಾಡಿ ಬಂದ ಕೂಡಲೇ ಕಿಟಕಿಗೆ ಹೋಗಿ ಆಲಿಸುವುದು, ಆಮೇಲೆ ಟೀ ಲೋಟ ಹಿಡಿದುಕೊಂಡು ಗಂಡನ ಹತ್ತಿರ ಹೋಗಿ, "ಹಿಂದಿನ ಚಕ್ರದಲ್ಲಿ ಏನೋ ಕಿರುಗುಟ್ಟುತ್ತೆ ಅಂತ ಅವರು ಫೋನಲ್ಲಿ ಯಾರಿಗೋ ಹೇಳ್ತಿದ್ರು ಕಣ್ರೀ" ಎನ್ನುವುದು. ಅವನು ಹಿಂದಿನ ಚಕ್ರ ಬಿಚ್ಚುತ್ತಿದ್ದ. ಗಿರಾಕಿ ತಲೆದೂಗುತ್ತಿದ್ದ. ಹೊಗಳಿಕೆ ಅವನ ಪಾಲಿಗೆ, ಆಯಾಸ ಇವಳ ಪಾಲಿಗೆ. ಹಗಲೆಲ್ಲ ಗಾಡಿಗಳಿಗೆ ಕಿವಿಗೊಟ್ಟು, ಮನೆಗೆ ಹೋದ ಮೇಲೆ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಿ ಅವಳ ಜೀವ ಹಣ್ಣಾಗಿತ್ತು.

ಅವತ್ತು ಮಧ್ಯಾಹ್ನ ನರ್ಸಮ್ಮ ಕಾರು ತಂದಳು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ ಬರುವ ಕೆಲಸ ಅವಳದು. ಅರ್ಧಕ್ಕರ್ಧ ರೋಗಿಗಳು ಬೆಟ್ಟದ ಆಚೆ. ಕಾರಿನ ಬಲಗಡೆಯ ಮುಂದಿನ ಚಕ್ರದ ಒಳಮೈಗೆಲ್ಲ ಗ್ರೀಸ್ ಸಿಡಿದಿತ್ತು. ಕಿವಿಯಣ್ಣ ಬಗ್ಗಿ ನೋಡಿದ. ಚಕ್ರಕ್ಕೆ ಹೋಗುವ ಶಾಫ್ಟಿನ ತುದಿಯಲ್ಲಿ, ಜಾಯಿಂಟಿಗೆ ಧೂಳು ಹೋಗದಂತೆ ಮುಚ್ಚಿರುವ ರಬ್ಬರ್ ಬೂಟು ಮಡಿಕೆಯ ಉದ್ದಕ್ಕೂ ಹರಿದಿತ್ತು.

"ಬೂಟ್ ಹರಿದಿದೆ ಸಿಸ್ಟರ್. ಜಾಯಿಂಟ್ ಹೋಗಿದ್ಯಾ ಇಲ್ವಾ, ಒಂದು ಸುತ್ತು ಹೊಡೆದು ಹೇಳ್ತೀನಿ."

ಅದು ಅವನ ಪದ್ಧತಿ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ನಿಧಾನಕ್ಕೆ ಸುತ್ತು ಹಾಕುವುದು. ಎಡಕ್ಕೆ ತಿರುಗಿದರೆ ಭಾರವೆಲ್ಲ ಬಲಗಡೆಯ ಜಾಯಿಂಟಿನ ಮೇಲೆ ಬೀಳುತ್ತದೆ. ಟಕಟಕ ಬಂತೋ, ಧೂಳು ಒಳಗೆ ಸೇರಿ ಜಾಯಿಂಟಿನ ಉಕ್ಕಿನ ಗುಂಡುಗಳು ಸವೆದಿವೆ, ಜಾಯಿಂಟೇ ಬದಲಾಯಿಸಬೇಕು. ಬರಲಿಲ್ಲವೋ, ಹೊಸ ಗ್ರೀಸು, ಹೊಸ ಬೂಟು ಸಾಕು. ಬೇರೆ ಮೆಕ್ಯಾನಿಕ್‌ಗಳು ಜಾಯಿಂಟನ್ನು ಬಿಚ್ಚಿ ತೊಳೆದು, ಗುಂಡುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಿವಿಯಣ್ಣನ ಲೆಕ್ಕದಲ್ಲಿ ಅದೆಲ್ಲ ಕಿವಿಯಿಲ್ಲದವರ ಕಸರತ್ತು.

ಅಕ್ಕ ಕೂತಲ್ಲಿಂದಲೇ ಕೇಳಿಸಿಕೊಂಡಳು. ಕಾರು ಎಡಕ್ಕೆ ತಿರುಗಿದಾಗೆಲ್ಲ ಟಕ್ ಟಕ್ ಟಕ್. ಗಂಡ ಇಳಿದು ಬಂದು, "ಸದ್ದಿಲ್ಲ. ಬೂಟ್ ಹಾಕಿದ್ರೆ ಆಯ್ತು, ಸಂಜೆ ಬನ್ನಿ" ಎಂದ.

ಬೇರೆ ದಿನವಾಗಿದ್ದರೆ ಅವಳು ಏನಾದರೊಂದು ನೆಪ ಹೂಡಿ ಅಲ್ಲಿಗೆ ಹೋಗುತ್ತಿದ್ದಳು. ಅವತ್ತು ಏಳಲಾಗಲಿಲ್ಲ. ಸುಳ್ಳು ಹೆಣೆಯುವುದಕ್ಕೂ ಮೈಯಲ್ಲಿ ಕಸುವು ಬೇಕು. ಸ್ವಲ್ಪ ಹೊತ್ತು ಬಿಟ್ಟು ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಫೋನು ಬಂತು, ಫೋನಿನ ಹಿಂದೆ ಬ್ಯಾಟರಿಯವನು ಬಂದ. ಅವಳು ಹೊರಗೆ ಇಣುಕಿದಾಗ ಗಂಡ ಶಾಫ್ಟ್ ಎಳೆದು, ಜಾಯಿಂಟನ್ನು ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿ, ಹಳೇ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ. ಹೊಸ ಬೂಟು ಕೂರಿಸಿ ಕ್ಲಿಪ್ಪು ಬಿಗಿದ. ಕೈಕೆಲಸಕ್ಕೆ ಹೆಸರಿಡುವ ಹಾಗೇ ಇರಲಿಲ್ಲ. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದ. ಕೆಲಸ ಮುಗಿಸಿದ ತೃಪ್ತಿಯ ಆ ಮುಖ ನೋಡಿ ಅವಳ ಬಾಯಿಗೆ ಬಂದ ಮಾತು ಹಾಗೇ ಹಿಂದೆ ಹೋಯಿತು.

ಸಂಜೆ ನರ್ಸಮ್ಮ ಬಂದಳು. ಕಣ್ಣು ಕೆಂಪಗಾಗಿ, ನಿಂತಲ್ಲೇ ನಿದ್ದೆ ಹೋಗುವಂತಿದ್ದಳು. ಕಾರು ಹತ್ತಿ ಗೇಟಿನ ಕಡೆಗೆ ಎಡಕ್ಕೆ ತಿರುಗಿಸಿದವಳು ನಿಲ್ಲಿಸಿ ತಲೆ ಹೊರಗೆ ಹಾಕಿದಳು.

"ಅಣ್ಣ, ತಿರುಗಿಸಿದ್ರೆ ಟಕಟಕ ಅಂತ ಸದ್ದು ಬರ್ತಿದೆ."

"ಯಾವ ಸದ್ದು ಸಿಸ್ಟರ್?" ಕಿವಿಯಣ್ಣ ಅವಳನ್ನು ಇಳಿಸಿ, ತಾನೇ ಹತ್ತಿ ಒಂದು ಸುತ್ತು ಹಾಕಿ ಇಳಿದು ಕೀ ಕೊಟ್ಟ. "ಏನೂ ಇಲ್ಲ. ಧೈರ್ಯವಾಗಿ ಓಡಿಸಿ."

ನರ್ಸಮ್ಮ ಕಣ್ಣುಜ್ಜಿಕೊಂಡು ಸುಸ್ತಾಗಿ ನಕ್ಕಳು. "ನೀವು ಇಲ್ಲ ಅಂದ್ಮೇಲೆ ಇಲ್ಲ ಬಿಡಿ. ನಿದ್ದೆಗೆಟ್ಟು ನನ್ನ ಕಿವಿಯೇ ಕೆಟ್ಟಿರಬೇಕು. ಬೆಳಿಗ್ಗೆ ಬೆಟ್ಟ ಹತ್ತಬೇಕು, ಬರ್ತೀನಿ."

ಅಕ್ಕ ಬಿಲ್ಲಿನ ಪುಸ್ತಕ ಮುಚ್ಚಿ ಎದ್ದಳು. ಈ ಹೆಂಗಸು ತನ್ನ ಕಿವಿಯನ್ನು ಬಿಟ್ಟು ಗಂಡನ ಕಿವಿಯನ್ನು ನಂಬುತ್ತಿದ್ದಾಳೆ. ಆ ನಂಬಿಕೆಯನ್ನು ಸಾಕಿ ಬೆಳೆಸಿದವಳು ತಾನೇ. ಬೆಟ್ಟದ ತಿರುವಿನಲ್ಲಿ ಆ ಜಾಯಿಂಟು ಕೈಕೊಟ್ಟರೆ?

"ಸಿಸ್ಟರ್, ಒಂದು ನಿಮಿಷ ತಡೀರಿ" ಎನ್ನುತ್ತಾ ಬಂದು, ನರ್ಸಮ್ಮನ ಕೈಯಿಂದ ಕೀ ಇಸಿದುಕೊಂಡು ಗಂಡನಿಗೆ ಕೊಟ್ಟಳು. "ರೀ, ನನ್ನ ಕೂರಿಸಿಕೊಂಡು ಇನ್ನೊಂದು ಸುತ್ತು ಹಾಕಿ."

ಅವನು ಹುಬ್ಬೇರಿಸಿದ. ಗಿರಾಕಿಯ ಮುಂದೆ ಹೆಂಡತಿಯ ಹತ್ತಿರ ಜಟಾಪಟಿ ಯಾಕೆಂದು ಸುಮ್ಮನೆ ಹತ್ತಿದ. ಕಾರು ಎಡಕ್ಕೆ ತಿರುಗಿತು. ಅಕ್ಕ ಕೈ ಚಾಚಿ ಅವನ ತೊಡೆಯ ಮೇಲೆ ಬೆರಳಿನಿಂದ ತಟ್ಟಿದಳು. ಟಕ್. ಟಕ್. ಟಕ್.

"ಏನೇ ಇದು, ಈ ವಯಸ್ಸಲ್ಲಿ" ಎಂದು ಅವನು ನಕ್ಕ. ಅವಳು ನಗಲಿಲ್ಲ, ತಟ್ಟುವುದನ್ನೂ ನಿಲ್ಲಿಸಲಿಲ್ಲ. ಅವನು ವೇಗ ಹೆಚ್ಚಿಸಿದ, ಬೆರಳೂ ಬಿರುಸಾಯಿತು. ನಿಧಾನ ಮಾಡಿದ, ಬೆರಳೂ ನಿಧಾನವಾಯಿತು. ಅವನ ನಗು ಅಲ್ಲೇ ಇಂಗಿಹೋಯಿತು. ಸ್ಟೇರಿಂಗನ್ನು ನೇರ ಮಾಡಿದ. ಬೆರಳು ನಿಂತಿತು. ಬಲಕ್ಕೆ ತಿರುಗಿಸಿ ಅವಳ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಎಡಕ್ಕೆ. ಟಕ್ ಟಕ್ ಟಕ್.

"ಬಲಗಡೆ ಜಾಯಿಂಟ್, ಹೊರಗಿಂದು" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕಾರು ನಿಲ್ಲಿಸಿದ. ಸ್ಟೇರಿಂಗಿನ ಮೇಲಿನ ಕೈ ತೆಗೆಯದೆಯೇ ಅವಳನ್ನು ಕೇಳಿದ.

"ಯಾವಾಗಿಂದ?"

"ಈ ಕಾರಾ?"

"ಕಾರಲ್ಲ."

ಅಕ್ಕ ಅವನ ಕಡೆ ತಿರುಗಿ, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು: "ಮನೆ ಬಾಗಿಲಿನ ಬೆಲ್ ಕೆಟ್ಟಿದೆ ಅಂತ ಹೊಸದು ತಂದು ಹಾಕಿದ್ರಲ್ಲ. ಹಳೇದು ಕೆಟ್ಟಿರಲಿಲ್ಲ."

ಅವನ ಕಣ್ಣು ತುಂಬಿಕೊಂಡಿತು, ಅದನ್ನು ಗ್ರೀಸಿನ ತೋಳಿನಲ್ಲೇ ಒರೆಸಿಕೊಂಡ. ಬಯ್ಯುತ್ತಾನೇನೋ ಎಂದು ಅವಳು ಮೈ ಹಿಡಿ ಮಾಡಿಕೊಂಡಿದ್ದಳು. ಅವನು ಬಾಗಿಲು ತೆಗೆದು ಇಳಿದು, ನೆಟ್ಟಗೆ ನರ್ಸಮ್ಮನ ಹತ್ತಿರ ಹೋದ.

"ಸಿಸ್ಟರ್, ಜಾಯಿಂಟ್ ಹೋಗಿದೆ. ನೀವು ಹೇಳಿದ್ದೇ ಸರಿ. ನನಗೆ ಕೇಳಿಸಲಿಲ್ಲ. ಈ ಗಾಡಿ ಇಲ್ಲೇ ಇರಲಿ, ಹೊಸ ಜಾಯಿಂಟ್ ಹಾಕಿ ಕೊಡ್ತೀನಿ. ಬೆಟ್ಟಕ್ಕೆ ನಮ್ಮ ಕಾರು ತಗೊಂಡು ಹೋಗಿ."

ಕೇಳಿಸದವರ ದನಿ ಯಾವಾಗಲೂ ಒಂದು ಪಟ್ಟು ಎತ್ತರ. 'ನನಗೆ ಕೇಳಿಸಲಿಲ್ಲ' ಎಂದದ್ದು ರಸ್ತೆಯಾಚೆಯ ಟೈರ್ ಅಂಗಡಿಗೂ ಕೇಳಿಸಿ, ಅಲ್ಲಿದ್ದವರು ತಲೆಯೆತ್ತಿ ನೋಡಿದರು. ಅವನು ದನಿ ತಗ್ಗಿಸಲಿಲ್ಲ.

ನರ್ಸಮ್ಮ ಬೇರೆ ಕಾರಿನಲ್ಲಿ ಹೊರಟುಹೋದಳು. ಅಕ್ಕ ಮಾತ್ರ ನರ್ಸಮ್ಮನ ಕಾರಿನಲ್ಲಿ ಕೂತಲ್ಲಿಂದ ಏಳಲಿಲ್ಲ. ಬೀದಿಯಲ್ಲಿ ಏನೇನೋ ಸದ್ದಾಗುತ್ತಿತ್ತು, ಯಾವುದನ್ನೂ ಇನ್ನು ಹಿಡಿದಿಟ್ಟುಕೊಳ್ಳಬೇಕಿರಲಿಲ್ಲ. ಗಂಡ ಬಂದು ಅವಳ ಕಡೆಯ ಬಾಗಿಲ ಹತ್ತಿರ ನಿಂತ. ಅವಳು ಮೆಲ್ಲಗೆ ಏನೋ ಅಂದಳು.

"ಏನಂದೆ?" ಅವನು ಕಿಟಕಿಯೊಳಗೆ ತಲೆ ಬಗ್ಗಿಸಿದ. "ಕೇಳಿಸಲಿಲ್ಲ, ಜೋರಾಗಿ ಹೇಳು."

"ಸುಸ್ತಾಗಿದೆ ಅಂದೆ" ಎಂದು ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.