ಎದುರುತೂಕ

ಬ್ರೇಕಿನ ಹಿಡಿ ಎತ್ತಿದರೂ ಉಕ್ಕಿನ ಹಗ್ಗಗಳು ಕದಲಲಿಲ್ಲ. ಮೆಕ್ಯಾನಿಕ್ ಹಿಡಿ ಬಿಟ್ಟು ಮತ್ತೆ ಎತ್ತಿದ. ಊಹೂಂ. ಕರೆಂಟು ಹೋಗಿ ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಸಿಕ್ಕಿಕೊಂಡ ಲಿಫ್ಟು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಒಳಗೆ ಎಷ್ಟು ಜನ?" ಎನ್ನುತ್ತ ಭಾವ ಕುಂಟುಗಾಲಲ್ಲಿ ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಬಂದರು. ಅಕ್ಕನ ಗಂಡ; ಕೆಲಸ ಕಲಿಸಿದವರೂ ಅವರೇ.

"ಆರು. ಒಬ್ಬ ಅಜ್ಜಿಗೆ ಉಸಿರೇ ಸಿಗ್ತಿಲ್ವಂತೆ."

"ಕೆಟ್ಟಿತಲ್ಲೋ! ಐದಾಗಿದ್ರೆ ಹಗ್ಗದ ಆಚೆ ತುದೀಲಿರೋ ಎದುರುತೂಕ ಮೇಲಕ್ಕೆ ಎಳೀತಿತ್ತು, ಏಳಾಗಿದ್ರೆ ತಾನೇ ಇಳೀತಿತ್ತು. ಆರಕ್ಕೆ ಎರಡೂ ಕಡೆ ಸರಿಸಮ. ಮೋಟರಿಗೆ ಕೈಚಕ್ರ ಹಾಕಿ ತಿರುಗಿಸು."

ಚಕ್ರ ತೂಗುಹಾಕುವ ಗೋಡೆಯ ಕೊಕ್ಕೆ ಖಾಲಿಯಿತ್ತು.

"ಹೋದ ವಾರ ಬೇರೆ ಕಟ್ಟಡಕ್ಕೆ ಒಯ್ದೆ, ಭಾವ. ತರಲಿಲ್ಲ."

"ಇದೆ ಅಂತ ನಿನ್ನೆ ತಪಾಸಣೆ ಪಟ್ಟೀಲಿ ಬರೆದೆಯಲ್ಲೋ!"

ಮೆಕ್ಯಾನಿಕ್‌ನ ಮೊಬೈಲ್ ಹೊಡೆದುಕೊಂಡಿತು. ಲಿಫ್ಟಿನೊಳಗಿನ ಹೆಂಗಸು: "ಅಮ್ಮನ ತುಟಿ ನೀಲಿಗಟ್ಟಿದೆ, ಬೇಗ ಏನಾದ್ರೂ ಮಾಡಿ!"

"ಭಾವ, ತೂಕಕ್ಕೆ ನಾನು ಲಿಫ್ಟಿನ ನೆತ್ತಿ ಮೇಲೆ ಇಳೀತೀನಿ. ನೀವು ಬ್ರೇಕ್ ಹಿಡೀರಿ."

"ಹೋಗೋ ಕಡ್ಡಿಪೈಲ್ವಾನ್! ನೀನು ಕೂತ್ರೆ ಸೊಳ್ಳೆ ಕೂತ ಹಾಗೆ. ನಿಮ್ಮಕ್ಕ ದಿನಾ ಬೈಯೋ ಈ ಹೊಟ್ಟೆ ಇವತ್ತಾದ್ರೂ ಕೆಲಸಕ್ಕೆ ಬರಲಿ."

ಹಿಂದೊಮ್ಮೆ ಬಿದ್ದು ಕಾಲು ಮುರಿದುಕೊಂಡ ಮೇಲೆ ಭಾವ ಲಿಫ್ಟು ಓಡಾಡುವ ಬಾವಿಗೆ ಇಳಿದೇ ಇರಲಿಲ್ಲ. ಕೋಣೆಯ ಬಾಗಿಲಲ್ಲಿ ತಿರುಗಿ ನಿಂತರು.

"ಗೇಣು ಗೇಣಾಗಿ ಬಿಡು. ನಿನ್ನ ಬರಹ ಸುಳ್ಳಾಯ್ತು. ಕೈಯಾದ್ರೂ ನೆಟ್ಟಗಿರಲಿ."

ನಾಲ್ಕನೆಯ ಮಹಡಿಯ ಬಾಗಿಲು ಕಿರುಗುಟ್ಟಿತು. ಹಗ್ಗಗಳು ಒಮ್ಮೆ ನಡುಗಿದವು. ಬಾವಿಯೊಳಗಿಂದ ಕೂಗು ಬಂತು: "ಕೂತೆ!"

ಎತ್ತಿದ. ಏನಿಲ್ಲ. ಹಿಡಿ ಇನ್ನಷ್ಟು ಎತ್ತಿದ. ಮಹಡಿ ಗುರುತಿಸಲು ಹಗ್ಗಕ್ಕೆ ಬಳಿದ ಹಳದಿ ಪಟ್ಟಿ ಇರುವೆಯಂತೆ ಹೊರಟಿತು, ಹೊರಟದ್ದು ಓಡತೊಡಗಿತು. ಬಿಟ್ಟ. ಧಡ್ ಎಂದಿತು. ಕೆಳಗೆ ಯಾರೋ ಚೀರಿದರು. "ಸಾಯಿಸ್ಬೇಡವೋ!" ಎಂದರು ಭಾವ. ಎತ್ತಿದ, ಬಿಟ್ಟ. ಅಂಗೈ ಬೆವರಿಗೆ ಹಿಡಿ ಜಾರಿತು. ಅಂಗಿಗೆ ಒರೆಸಿಕೊಂಡು ಮತ್ತೆ ಎತ್ತಿದ. ಹಳದಿ ಪಟ್ಟಿ ಯಂತ್ರದ ಮೇಲೆ ಎಳೆದಿದ್ದ ಮೂರನೆಯ ಮಹಡಿಯ ಗೆರೆಗೆ ಬಂದು ನಿಂತಿತು.

ಕೆಳಗೆ ಕಾವಲುಗಾರ ಬಾಗಿಲು ಸರಿಸಿದ. ಹೆಜ್ಜೆಗಳು. ಆಮೇಲೆ ಉದ್ದನೆಯ, ಒಡಕು ಕೆಮ್ಮು, ಮುದಿ ಕೆಮ್ಮು.

ಆರು ಜನರೂ ಇಳಿದರು. ನೆತ್ತಿಯ ಮೇಲೆ ಭಾವ ಒಬ್ಬರೇ. ಈಗ ಎದುರುತೂಕದ್ದೇ ಭಾರ. ಹಿಡಿ ಮುಟ್ಟಿದರೆ ಅವರನ್ನು ಮೇಲಿನ ತೊಲೆಗೆ ಒಯ್ದು ಅಪ್ಪಳಿಸುತ್ತದೆ.

ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿದ. ಮೆಟ್ಟಿಲ ಮೇಲೆ ಕುಂಟುಗಾಲಿನ ಸದ್ದು ಕೇಳುವವರೆಗೂ ತೆಗೆಯಲಿಲ್ಲ.