ಏರಿಗೊಬ್ಬ, ನೀರಿಗೊಬ್ಬಳು

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಗಾದೆಯನ್ನು ಯಾರೋ ಈ ಬಡಗಿಯನ್ನೂ ಅವನ ಹೆಂಡತಿಯನ್ನೂ ನೋಡಿಯೇ ಕಟ್ಟಿರಬೇಕು. ಬೇಸಿಗೆ ರಜದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟಗುಡ್ಡ ಅಲೆಯೋದು ಇಬ್ಬರಿಗೂ ಹುಚ್ಚು. ಆದರೆ ಅವನಿಗೆ ಶಿಖರ ಬೇಕು, ಅವಳಿಗೆ ಸರೋವರ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರದು ಚಳಿಗಾಲಕ್ಕೆ ಶುರುವಾದರೆ ಬಸ್ಸು ಹತ್ತೋ ತನಕ. ಹತ್ತಿದ ಮೇಲೆ ಕಿಟಕಿ ಪಕ್ಕ ಯಾರು ಅಂತ ಇನ್ನೊಂದು. ಮದುವೆಯಾದಾಗಿನಿಂದ ಪ್ರವಾಸವೂ ತಪ್ಪಿಲ್ಲ, ಜಗಳವೂ ತಪ್ಪಿಲ್ಲ.

ಈ ಸಲ ಚಳಿಗಾಲ ಬಂತು, ಜಗಳ ಬರಲಿಲ್ಲ.

ಹೋದ ವಾರ ಬಡಗಿಯ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದ್ದರು. ರಿಪೋರ್ಟ್ ನೋಡಿದ ಡಾಕ್ಟರು, "ನೀವು ಸ್ವಲ್ಪ ಹೊರಗೆ ಕೂತಿರಿ" ಅಂತ ಅವನನ್ನು ಕಳಿಸಿ, ಹೆಂಡತಿ ಹತ್ತಿರ ಮಾತಾಡಿದರು. ಅವಳು ಹೊರಗೆ ಬಂದು, "ಏನಿಲ್ಲ ರೀ, ಹೊಟ್ಟೇಲಿ ಹುಣ್ಣಾಗಿದೆಯಂತೆ. ಮಾತ್ರೆ ತಗೊಂಡರೆ ಹೋಗುತ್ತಂತೆ" ಅಂದಳು. ಅಲ್ಲ, ಹುಣ್ಣಿನ ವಿಷಯ ಹೇಳೋಕೆ ರೋಗಿಯನ್ನೇ ಹೊರಗೆ ಕೂರಿಸ್ತಾರಾ? ಕೇಳಿಬಿಡಬೇಕು ಅಂತ ಬಡಗಿಗೆ ಮಾತು ಬಾಯಿ ತನಕ ಬರ್ತಿತ್ತು, ಧೈರ್ಯ ಬರ್ತಿರಲಿಲ್ಲ. ಗೊತ್ತಾಗಲೇಬೇಕು ಅನ್ನೋ ಸಂಕಟ ಒಂದು ಕಡೆ, ಗೊತ್ತಾಗಿಬಿಟ್ಟರೆ ಅನ್ನೋ ಭಯ ಇನ್ನೊಂದು ಕಡೆ.

ಭಾನುವಾರ ಮಧ್ಯಾಹ್ನ ಅವನು ನಕ್ಷೆ ತಂದು, ಅವಳು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಹರಡಿದ. ಅವಳು ಟೈಲರ್. ಮಿಷನ್ ಮುಂದೆ ಕೂತು ಅವನ ಪ್ಯಾಂಟಿನ ಸೊಂಟ ಬಿಗಿ ಮಾಡ್ತಿದ್ದಳು. ಮೊನ್ನೆ ತಾನೇ ಬಿಗಿ ಮಾಡಿದ್ದು, ಮತ್ತೆ ಜಾರ್ತಿತ್ತು.

"ಉತ್ತರದ ಬೆಟ್ಟಕ್ಕೆ ಹೋಗೋಣ," ಅಂದ. "ಸರೋವರ ಗಿರೋವರ ಏನೂ ಇಲ್ಲ. ಬರೀ ಹತ್ತೋದು."

"ಆಯ್ತು ರೀ."

ಅವನ ಬೆರಳು ನಕ್ಷೆ ಮೇಲೇ ನಿಂತಿತು. ಕೆಲಸದ ಗಡಿಬಿಡೀಲಿ ಅಂದಿರ್ತಾಳೆ, ಇರಲಿ ಅಂದುಕೊಂಡ.

"ಇಲ್ಲಾಂದ್ರೆ ಆ ಕಲ್ಲುಬೆಟ್ಟ. ನೀನು ಜಾರಿ ಬಿದ್ದು ಮೊಣಕಾಲು ತರಚ್ಕೊಂಡೆಯಲ್ಲ, ಆ ಕಡೆ ತಲೆ ಹಾಕಿಯೂ ಮಲಗಲ್ಲ ಅಂದಿದ್ದೆ."

"ನಿಮಗಿಷ್ಟ ಅಲ್ವಾ? ಅಲ್ಲಿಗೇ ಹೋಗೋಣ ಬಿಡಿ."

ಅಯ್ಯೋ, ಎಂಥಾ ಬಾಯಿ ಇವಳದು! ಆವತ್ತು ಆ ಬೆಟ್ಟಕ್ಕೂ, ದಾರಿ ತೋರಿಸಿದವನಿಗೂ, ಕರಕೊಂಡು ಹೋದ ಗಂಡನಿಗೂ ಒಂದೇ ಉಸಿರಲ್ಲಿ ಮಂಗಳಾರತಿ ಎತ್ತಿದ ಬಾಯಿ. ಬಡಗಿಗೆ ಅಳು ಒತ್ತಿಕೊಂಡು ಬಂತು.

"ಬೈಯೆ," ಅಂದ. "ಮಾಡೋಕೆ ಬೇರೆ ಕೆಲಸ ಇಲ್ವಾ ಅನ್ನು. ಒಂದ್ಸಲ ಬೇಡ ಅನ್ನೆ."

ಅವಳು ತಲೆ ಎತ್ತಲಿಲ್ಲ. "ಯಾಕೆ ಬೇಡ ಅನ್ಲಿ? ನಾನೇನು ಜಗಳಗಂಟಿನಾ?"

"ಹೌದು!"

ಇಬ್ಬರೂ ನಕ್ಕುಬಿಟ್ಟರು. ನಕ್ಕು ಮುಗಿಯೋದರೊಳಗೆ ಅವಳು ಮತ್ತೆ ಮಿಷನ್ ತುಳಿಯತೊಡಗಿದಳು.

"ಹಾಗಾದರೆ ಈ ವರ್ಷ ಬಿಟ್ಟೇಬಿಡೋಣ," ಅಂದ ಬಡಗಿ, ಮೆಲ್ಲಗೆ. "ನನಗೂ ಸುಸ್ತು. ಮಾತ್ರೆ ತಗೊಂಡು ಗಟ್ಟಿಯಾಗ್ತೀನಿ. ಮುಂದಿನ ವರ್ಷದ ಬೇಸಿಗೆಗೆ ಹೋಗೋಣ, ನಿನ್ನ ಸರೋವರಕ್ಕೇ."

ಆಯ್ತು ರೀ ಅನ್ನಲಿ ಅಂತ ಜೀವ ಕೈಯಲ್ಲಿ ಹಿಡಿದು ಕಾದ. ಇದೊಂದಕ್ಕೆ ಆಯ್ತು ಅಂದುಬಿಟ್ಟರೆ ಅವನಿಗೆ ಬೇರೆ ಯಾವ ಡಾಕ್ಟರ ಮಾತೂ ಬೇಕಿರಲಿಲ್ಲ.

ಮಿಷನ್ ನಿಂತಿತು.

"ಬೇಡ," ಅಂದಳು.

"ಏನು ಬೇಡ?"

"ಮುಂದಿನ ವರ್ಷ ಬೇಡ. ಬೇಸಿಗೆ ತನಕ ಕಾಯೋದೂ ಬೇಡ. ಈ ತಿಂಗಳೇ ಹೋಗೋಣ ರೀ. ನಿಮ್ಮ ಕಾಲಲ್ಲಿ ಶಕ್ತಿ ಇರೋವಾಗಲೇ..." ಅಂದವಳು ಮುಂದೆ ಹೇಳಲಾರದೆ ಕೈಯಲ್ಲಿದ್ದ ಪ್ಯಾಂಟನ್ನೇ ಬಾಯಿಗೆ ಒತ್ತಿಕೊಂಡಳು.

ಚಳಿಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಈ ತಿಂಗಳಲ್ಲಿ ಹಿಮ ಬಿದ್ದು ಬೆಟ್ಟದ ದಾರಿಗಳೆಲ್ಲ ಮುಚ್ಚಿರುತ್ತವೆ, ಬುಡದ ಊರಿಗೂ ಬಸ್ಸು ಹೋಗಲ್ಲ. ಇಬ್ಬರಿಗೂ ಅದು ಚೆನ್ನಾಗಿ ಗೊತ್ತು. ಬೇರೆ ವರ್ಷವಾಗಿದ್ದರೆ ಇದೊಂದು ಮಾತಿಗೇ ಅವನು ವಾರಗಟ್ಟಲೆ ಕಿತ್ತಾಡ್ತಿದ್ದ. ಈಗ ಹೋಗಿ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ.

"ಆಯ್ತು ಕಣೆ," ಅಂದ. "ನೀನು ಹೇಳಿದ ಹಾಗೇ."