ಐದು ಹಳದಿ ಕಲ್ಲು

ಚಂದ್ರಬಂಡ ರಸ್ತೆಯ ಆ ಎರೆಮಣ್ಣಿನ ಹೊಲಕ್ಕೆ ಮೌನೇಶ್ವರಿ ಸ್ಕೂಟಿಯ ಮೇಲೆ ಬಂದಾಗ ಶೇಖರ ಬದುವಿನ ಮೇಲೆ ನಿಂತು ಕಾಯುತ್ತಿದ್ದ. ಕೈಯಲ್ಲಿ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಭಜಿ.

"ಮೊದಲ ತಿನ್ನು ತಂಗಿ. ಆಮ್ಯಾಲ ಹಳ್ಳ ನೋಡಿದ್ರಾತು."

"ಹಳ್ಳ ನೋಡಾಕಂತಽ ಬಂದೀನಿ ಅಣ್ಣಾ. ಮಿರ್ಚಿ ಎಲ್ಲೂ ಓಡಿ ಹೋಗಂಗಿಲ್ಲ."

"ಹಳ್ಳ ಓಡಿ ಹೋಗ್ತದೇನು?"

"ಹೋಗಬೇಕು. ಅದರ ಕೆಲಸಽ ಅದು."

ಅವನು ನಕ್ಕ. ಅವಳಿಗೆ ನಗಲು ಆಗಲಿಲ್ಲ.

ಮೌನೇಶ್ವರಿ ರಾಯಚೂರಿನಲ್ಲಿ ನಗರ ಯೋಜನೆ ಕಚೇರಿಯ ಸಹಾಯಕ ಅಧಿಕಾರಿ. ಊರ ಹೊರಗಿನ ಹೊಲವನ್ನು ಯಾರಾದರೂ ಲೇಔಟ್ ಮಾಡಹೊರಟರೆ, ನಕ್ಷೆಯಲ್ಲಿ ಬರೆದದ್ದನ್ನು ನೆಲದ ಮೇಲೆ ಇರುವುದರ ಜೊತೆ ತಾಳೆ ನೋಡಿ ವರದಿ ಕೊಡುವುದು ಅವಳ ಕೆಲಸ. ಶೇಖರ ಲೇಔಟ್ ಮಾಡುವವನು. ಇಬ್ಬರೂ ದೇವದುರ್ಗದ ಕಡೆಯ ಅಕ್ಕಪಕ್ಕದ ಹಳ್ಳಿಯವರು. ವಿಷಯ ಅಷ್ಟೇ ಆಗಿದ್ದರೆ ಈ ಬೆಳಗ್ಗೆ ಅವಳಿಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಪಿಯುಸಿ ಮುಗಿಸಿ ಅವಳು ರಾಯಚೂರಿಗೆ ಬಂದ ವರ್ಷ ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅಪ್ಪ ಯಂಕೋಬ ಮಗಳ ಟ್ರಂಕು ಹೊತ್ತುಕೊಂಡು ತಿರುಗಿ ಊರಿಗೆ ಹೋಗುವ ಬಸ್ಸು ಹುಡುಕುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಎದುರಾದವನು ಶೇಖರ. ಆಗ ಡಿಗ್ರಿಯ ಕೊನೆಯ ವರ್ಷದವನು, ಬರೀ ಮುಖಪರಿಚಯ. ಅಪ್ಪ ಮಗಳಿಬ್ಬರನ್ನೂ ಕರೆದುಕೊಂಡು ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆದ. ಒಂದು ಕಡೆ ಜಗಳಾಡಿದ, ಇನ್ನೊಂದು ಕಡೆ ಕೈಮುಗಿದ. ಸೀಟು ಕೊಡಿಸಿ, ಟ್ರಂಕು ಹಾಸ್ಟೆಲಿನ ಬಾಗಿಲಿಗೆ ಮುಟ್ಟಿಸಿ ಹೋದ. ಆ ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಓದಿದ್ದೇ ಅವಳಿಗೆ ಈ ನೌಕರಿ ಕೊಟ್ಟಿತ್ತು. ಆಮೇಲೆ ಶೇಖರ ಅವಳಲ್ಲಿ ಏನನ್ನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದ, ಮೊದಲ ಸಲ.

ಹೊಲದ ತಗ್ಗಿನ ಕಡೆ ಒಂದು ಹಳ್ಳ ಹರಿಯುತ್ತಿತ್ತು. ಮಳೆಗಾಲ ಮುಗಿದಿದ್ದರೂ ಅದರಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರಿತ್ತು. ಆ ನೀರು ಹೋಗಿ ಸೇರುವುದು ಕೆಳಗಿನ ಕೆರೆಗೆ. ಕೆರೆ ತುಂಬಿದ ವರ್ಷ ಸುತ್ತಲಿನ ಓಣಿಗಳ ಬೋರುಗಳು ಬೇಸಿಗೆಯಲ್ಲೂ ನೀರು ಕೊಡುತ್ತಿದ್ದವು. ತುಂಬದ ವರ್ಷ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಬೇಕು. ಶೇಖರನ ನಕ್ಷೆಯಲ್ಲಿ ಹಳ್ಳದ ಜಾಗದಲ್ಲಿ ರಸ್ತೆಯಿತ್ತು, ಅದರ ಎರಡೂ ಬದಿಗೆ ಪ್ಲಾಟುಗಳಿದ್ದವು. ಹಳ್ಳ ಪೈಪಿನೊಳಗೆ ಹೋಗಿತ್ತು. ಒಪ್ಪಿಗೆ ಸಿಗುವ ಮೊದಲೇ ಅವನು ಪ್ಲಾಟಿನ ಗುರುತಿಗೆ ಮೊಳದುದ್ದದ ಕಲ್ಲು ನೆಡಿಸಿ, ಅವುಗಳ ನೆತ್ತಿಗೆ ಹಳದಿ ಬಣ್ಣ ಬಳಿಸಿದ್ದ.

"ದೊಡ್ಡ ಪೈಪು ಹಾಕ್ತೀನಿ ತಂಗಿ. ಒಳಗ ಎಮ್ಮಿ ನಿಲ್ಲಬೇಕು, ಅಂಥಾದ್ದು."

"ಪೈಪಿನ್ಯಾಗ ಹರಿದ ನೀರು ನೆಲಕ್ಕ ಇಳಿಯಂಗಿಲ್ಲಣ್ಣ. ಎರಡು ಮಳಿಗಾಲಕ್ಕ ಹೂಳು ಕಟ್ಟತದ. ಮೂರನೇದ್ದಕ್ಕ ನೀರು ಮಂದಿ ಅಡಗಿಮನ್ಯಾಗ ಇರ್ತದ. ಹಳ್ಳ ಬಿಡಬೇಕು, ಎರಡೂ ಕಡಿ ದಂಡಿನೂ ಬಿಡಬೇಕು. ಈ ನಕ್ಷಾ ನಾ ಮುಂದ ಕಳಸಂಗಿಲ್ಲ."

ಇದನ್ನು ಮೆತ್ತಗೆ ಹೇಳುವ ದಾರಿಯನ್ನು ಅವಳು ಹಿಂದಿನ ದಿನವೆಲ್ಲ ಹುಡುಕಿದ್ದಳು. ಸಿಕ್ಕಿರಲಿಲ್ಲ.

"ಊರು ಬೆಳೀಬಾರದೇನು ಹಂಗಾದ್ರ? ಮಂದಿ ಎಲ್ಲಿ ಇರಬೇಕು?"

"ಬೆಳೀಲಿ. ಮ್ಯಾಲಿನ ದಿನ್ನಿ ಪೂರಾ ನಿಮ್ಮದಽ ಅದಲ್ಲ, ಅಲ್ಲಿ ಮನಿ ಕಟ್ಟಲಿ. ತಗ್ಗಿನ್ಯಾಗ ನೀರು ಇರಲಿ."

"ಇಲ್ಲೀತನ ನಿನ್ನ ಏನರ ಕೇಳೀನೇನು?"

"ಇಲ್ಲ. ಅದಕ್ಕಽ ರಾತ್ರಿ ನಿದ್ದಿ ಬರಲಿಲ್ಲ. ಬ್ಯಾರೆ ಯಾರರ ಆಗಿದ್ರ ನಿನ್ನೆ ಆಫೀಸಿನ್ಯಾಗ ಕುಂತಽ ಬರದು ಒಗೀತಿದ್ದೆ."

ಶೇಖರ ಮಿರ್ಚಿಯ ಪೇಪರು ಮಡಿಚಿ ಬದುವಿನ ಮೇಲಿಟ್ಟ. "ಹಂಗಾದ್ರ ಬರೀರಿ ಮೇಡಂ," ಅಂದ.

ಕಚೇರಿಯಲ್ಲಿ ನಾಲ್ಕು ಜನರ ಎದುರು ಅವನು ಅವಳನ್ನು ಮೇಡಂ ಎನ್ನುತ್ತಿದ್ದ. ಹೊರಗೆ ಯಾವಾಗಲೂ ತಂಗಿ. ಹೊಲದಲ್ಲಿ ನಿಂತು ಮೇಡಂ ಅಂದದ್ದು ಇದೇ ಮೊದಲು. ಹೋಯಿತು, ಅಂದುಕೊಂಡಳು. ಹಳ್ಳ ಉಳಿಯಿತು, ಅಣ್ಣ ಹೋದ.

ಅಷ್ಟರಲ್ಲಿ ರಸ್ತೆಯಿಂದ ಒಂದು ಆಟೋ ಇಳಿದು ಎರಿಯಲ್ಲಿ ತೊನೆಯುತ್ತ ಬಂತು. ಮೊದಲು ಇಳಿದವಳು ಶೇಖರನ ತಾಯಿ ಹಣಮಮ್ಮ, ಕಂಕುಳಲ್ಲಿ ತಾಮ್ರದ ಕೊಡ. ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಡತಿ ಮಲ್ಲೇಶ್ವರಿ, ತೋಳಲ್ಲಿ ಎಳೆಗೂಸು. ಅವರ ಜೊತೆ ಓಣಿಯ ಮೂವರು ಹೆಂಗಸರು.

"ಯವ್ವಾ, ನೀವಿಲ್ಲಿ ಯಾಕ ಬಂದ್ರಿ?" ಶೇಖರ ಗಾಬರಿಯಾದ.

"ನೀ ಯಾಕ ಇಲ್ಲಿ ನಿಂತೀದಿ ಅದನ್ನ ಹೇಳು. ಇವತ್ತು ಗಂಗಿ ಪೂಜಿ ಅದಲೇ ಅಂದ್ರ, ನಳದ ಮುಂದ ಮಾಡ್ರಿ ಅಂತ ಹೇಳಿ ಓಡಿ ಬಂದೀಯಲ್ಲ! ನಳ ಗಂಗವ್ವ ಏನಲೇ? ತಿರುವಿದ್ರ ಬರ್ತಾಳ, ತಿರುವಿದ್ರ ಹೋಗ್ತಾಳ."

ಹೆರಿಗೆಯಾದ ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಹೋಗುವುದು ನೀರಿಗೆ. ಬಾವಿಯೋ ಹಳ್ಳವೋ, ಅದರ ದಂಡೆಯಲ್ಲಿ ಐದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಕಡಲೆ ಗುಗ್ಗರಿ ಎಡೆ ಹಿಡಿದು, ಐದು ಮಂದಿ ಹೆಂಗಸರು ಗಂಗವ್ವನನ್ನು ಪೂಜಿಸಬೇಕು. ಬಾಣಂತಿ ತುಂಬಿದ ಕೊಡ ಹೊತ್ತು ಮನೆಗೆ ಬರಬೇಕು. ಆದರೆ ಶೇಖರನ ಮನೆ ಇದ್ದದ್ದು ಅವನೇ ಮಾಡಿದ ಮೊದಲ ಲೇಔಟಿನಲ್ಲಿ. ಅಲ್ಲೊಂದು ಬಾವಿಯಿತ್ತು. ಅವನೇ ಗರಸು ಹಾಕಿ ಮುಚ್ಚಿಸಿ ಅದರ ಮೇಲೆ ಎರಡು ಪ್ಲಾಟು ಮಾರಿದ್ದ.

"ನಮ್ಮ ಕುರ್ಡ್ಯಾಗಾದ್ರ ಹಿತ್ತಲದಾಗಽ ಬಾವಿ ಅದ," ಅಂದಳು ಮಲ್ಲೇಶ್ವರಿ, ಮಾನ್ವಿ ತಾಲೂಕಿನ ತನ್ನ ತವರೂರು ಕುರ್ಡಿ ನೆನೆದು. ಗಂಡನ ಕಡೆ ಮಾತ್ರ ನೋಡಲಿಲ್ಲ. "ಚೊಚ್ಚಲದಾಗ ಅಲ್ಲೇ ಆತು. ಇಲ್ಲಿ ಬಾಣಂತಿ ಆಟೋ ಹತ್ತಿ ನೀರು ಹುಡುಕಬೇಕು."

"ನಾನು ಟ್ಯಾಂಕರಿಗೇ ಮಾಡಿದ್ದೆ ನೋಡ್ರಿ," ಅಂದಳು ಪಕ್ಕದ ಮನೆಯ ಅಯ್ಯಮ್ಮ. "ಹೋದ ವರ್ಷ ನಮ್ಮ ಸೊಸಿದು. ಟ್ಯಾಂಕರಿನ ನಳಕ್ಕ ಕುಂಕುಮ ಹಚ್ಚಿ, ಹೂ ಏರಿಸಿ, ಇನ್ನೇನು ಕಾಯಿ ಒಡೀಬೇಕು, ಡ್ರೈವರ್ ಗಾಡಿ ಬಿಟ್ಟಽ ಬಿಟ್ಟ! ಗಂಗವ್ವ ಹಾರ್ನ್ ಹೊಡಕೊಂತ ಹೋದ್ಲು."

ಹೆಂಗಸರೆಲ್ಲ ನಕ್ಕರು. ಆಟೋದ ಅರ್ಬಾಜ್ ಕೂಡ ನಕ್ಕ. ಈ ಹಳ್ಳದಲ್ಲಿ ನೀರಿದೆ ಎಂದು ಕರೆತಂದವನು ಅವನೇ. ಶೇಖರನಿಗೆ ತಾನು ಕೊಳ್ಳುವ ಹೊಲ ಯಾವುದೆಂದು ಮನೆಯಲ್ಲಿ ಹೇಳುವ ರೂಢಿಯಿರಲಿಲ್ಲ. ಹಾಗಾಗಿ ಅದು ಯಾರ ಹೊಲವೆಂದು ಬಂದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಣಮಮ್ಮ ದಂಡೆಯ ಮೇಲೆ ನೀರು ಚಿಮುಕಿಸಿ ಜಾಗ ಒರೆಸಿದಳು. ಆಮೇಲೆ ಸುತ್ತ ನೋಡಿದಳು. ಕರಿ ಎರಿ ನೆಲ, ಮುಷ್ಟಿಗಾತ್ರದ ಕಲ್ಲು ಕೂಡ ಇಲ್ಲ.

"ಅಮ್ಮಾ, ಅಲ್ಲಿ ಅದಾವ ನೋಡ್ರಿ," ಅರ್ಬಾಜ್ ಪ್ಲಾಟಿನ ಕಲ್ಲುಗಳ ಕಡೆ ಕೈ ಮಾಡಿದ.

"ಹೌದಲ್ಲೋ! ಯಾರೋ ಪುಣ್ಯಾತ್ಮರು ಮೊದಲಽ ಅರಿಶಿಣ ಹಚ್ಚಿ ಇಟ್ಟಾರ. ಐದು ತಗೊಂಬಾ."

ಮೌನೇಶ್ವರಿ ಒಂದೇ ಮಾತು ಹೇಳಿದ್ದರೆ ಸಾಕಿತ್ತು: ಆ ಪುಣ್ಯಾತ್ಮ ನಿನ್ನ ಮಗನೇ, ಈ ಹಳ್ಳ ಮುಚ್ಚಲು ಹೊರಟವನೂ ಅವನೇ. ಅವಳು ಹೇಳಲಿಲ್ಲ. ಇಲ್ಲ ಅನ್ನುವುದು ಅವಳ ಕೆಲಸ, ಅದನ್ನು ಮಾಡಿಯಾಗಿತ್ತು. ಹೆತ್ತವ್ವನ ಮುಂದೆ ಅವನ ಮಾನ ಕಳೆಯುವುದು ಅವಳ ಕೆಲಸವಲ್ಲ.

ಅರ್ಬಾಜ್ ಒಂದು ಕಲ್ಲು ಹಿಡಿದು ಅಲುಗಾಡಿಸಿದ. ಬರಲಿಲ್ಲ. "ಶೇಖರ್ ಭಾಯ್, ಜರಾ ಕೈ ಹಚ್ರಿ. ಯಾವನೋ ಗಟ್ಟಿ ಹುಗಿದಾನ."

ಶೇಖರ ಮೌನೇಶ್ವರಿಯ ಮುಖ ನೋಡಿದ. ಅವಳು ಹಳ್ಳ ನೋಡುತ್ತಿದ್ದಳು. ಅವನು ಬೂಟು ಕಳಚಿದ, ಪ್ಯಾಂಟು ಮಡಿಚಿದ, ಹೋಗಿ ತಾನೇ ನೆಡಿಸಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ತಂದು ಅವ್ವನ ಮುಂದೆ ಇಟ್ಟ.

"ಬಾಣಂತಿನ್ನ ಬಿಟ್ಟು ನಾವು ನಾಕು ಮಂದಿ ಆದ್ವಿ, ಇನ್ನೊಬ್ಬಾಕಿ ಬೇಕು. ಬಾರಬೇ ಇಲ್ಲಿ," ಹಣಮಮ್ಮ ಮೌನೇಶ್ವರಿಯನ್ನು ಕರೆದಳು. "ಯಾರ ಮಗಳು ನೀನು?"

"ಯಂಕೋಬನ ಮಗಳು ರೀ. ದೇವದುರ್ಗದ ಕಡ್ಯಾಕಿ."

"ಓ! ಹಾಸ್ಟೆಲ್ ಸೀಟಿನ ಹುಡುಗಿ! ಅವತ್ತು ನಿನಗಂತ ಬಿಸಿಲಾಗ ತಿರುಗಿ ಬಂದು ಜ್ವರ ಹಿಡಕೊಂಡು ಮಲಗಿದ್ನವ್ವ ಇವ. ಮರುದಿನ ಪರೀಕ್ಷಾ, ಹೋಗಲೇ ಇಲ್ಲ."

"ಯವ್ವಾ, ಸುಮ್ನ ಪೂಜಿ ಮಾಡು."

ಇದು ಅವಳಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ವರದಿ ಬದಲಾಗುತ್ತಿತ್ತೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ. ಇನ್ನೊಂದು ರಾತ್ರಿಯ ನಿದ್ದೆ ಹೋಗುತ್ತಿತ್ತು, ಅಷ್ಟೇ.

ಅವಳು ಮುಂದೆ ಹೋಗಿ ಕೂತಳು. ಹಣಮಮ್ಮ ಅವಳ ಕೆನ್ನೆಗೆ ಅರಿಶಿನ ಉಜ್ಜಿದಳು, ದುಪಟ್ಟಾದ ಸೆರಗಿಗೆ ಗುಗ್ಗರಿ ಹಾಕಿದಳು. ಹಳದಿ ಬಣ್ಣದ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ. ಸಾಲಾಗಿ ಕೂತ ಕಲ್ಲುಗಳು ಪ್ಲಾಟಿನ ಕಲ್ಲುಗಳಾಗಿದ್ದವೆಂದು ಈಗ ಯಾರೂ ಹೇಳುವಂತಿರಲಿಲ್ಲ. ಮಲ್ಲೇಶ್ವರಿ ಹಳ್ಳದಲ್ಲಿ ಕೊಡ ಮುಳುಗಿಸಿ ಎತ್ತಿಕೊಂಡಳು. ಕೂಸಿನ ಹಣೆಗೆ ಹನಿ ನೀರು ಹಚ್ಚಿದಾಗ ಅದು ಮುಖ ಸಿಂಡರಿಸಿ ಅತ್ತಿತು.

"ಪೂಜಿ ಆದ ಕಲ್ಲು ಯಾರೂ ಮುಟ್ಟಬ್ಯಾಡ್ರಿ ಮತ್ತ," ಆಟೋ ಹತ್ತುತ್ತ ಹಣಮಮ್ಮ ಮಗನಿಗೆ ಹೇಳಿದಳು. "ಓಣ್ಯಾಗ ಇನ್ನಾ ಇಬ್ಬರು ಬಸುರಿ ಅದಾರ, ಅವರನ್ನೂ ಇಲ್ಲೇ ಕರಕೊಂಡ್ ಬರ್ತೀನಿ. ಈ ಜಾಗ ಹಿಂಗಽ ಬಿಟ್ಟಾವ್ರ ಹೊಟ್ಟಿ ತಣ್ಣಗಿರ್ಲಿ."

ಆಟೋ ರಸ್ತೆ ಹತ್ತಿತು. ಶೇಖರ ಕಾಲಿನ ಕೆಸರನ್ನು ಬದುವಿನ ಹುಲ್ಲಿಗೆ ಒರೆಸಿಕೊಂಡ.

"ನೀ ಹೇಳಬಹುದಿತ್ತು, ಅವ್ವನ ಮುಂದ."

"ಹೌದು."

"ಯಾಕ ಹೇಳಲಿಲ್ಲ?"

"ನೀವು ಆ ಪರೀಕ್ಷಾದ್ದು ನನಗ ಹೇಳಿದ್ರೇನು?"

"ಅದನ್ನ ಮುಂದಿನ ವರ್ಷ ಬರದು ಪಾಸಾದೆ ಬಿಡು. ನಾ ಏನ್ ರ‍್ಯಾಂಕ್ ಬರಾಂವ ಇದ್ದೆನೇನು?" ಕಲ್ಲುಗಳ ಕಡೆ ನೋಡಿದ. "ಪ್ಲಾಟ್ ಅಂತೂ ಹೋದ್ವು. ಗಂಗವ್ವಗ ಅಂಜಿ ಅಲ್ಲ ತಂಗಿ. ನಮ್ಮವ್ವಗ ಅಂಜಿ."

ತಂಗಿ ಅಂದಿದ್ದ. ಮೌನೇಶ್ವರಿ ಬದುವಿನ ಮೇಲೆ ಕೂತು ಮಿರ್ಚಿಯ ಪೇಪರು ಬಿಚ್ಚಿದಳು. ಅವರ ಹಳ್ಳಿಗಳಲ್ಲಿ ಉಪಕಾರವನ್ನು ಬಾಯಿಮಾತಿನಲ್ಲಿ ತೀರಿಸುವ ರೂಢಿಯಿಲ್ಲ. ಕೊಟ್ಟದ್ದನ್ನು ಬೇಡ ಅನ್ನದೆ ಉಣ್ಣುತ್ತಾರೆ. ಆರಿ ಮೆತ್ತಗಾಗಿದ್ದ ಮಿರ್ಚಿಯನ್ನು ಅವಳು ತೊಟ್ಟಿನವರೆಗೂ ತಿಂದಳು, ಸೆರಗಿನ ಗುಗ್ಗರಿಯಲ್ಲಿ ಅರ್ಧ ಅವನ ಕೈಗೆ ಹಾಕಿದಳು.

"ಹಳ್ಳದ ದಂಡಿಗೆ ಬೇವಿನ ಗಿಡ ಹಚ್ಚಿ, ನೀರಿರೋ ಲೇಔಟ್ ಅಂತ ಬೋರ್ಡ್ ಹಾಕಿದ್ರ ಮಂದಿ ತಗೊಂತಾರೇನು?" ಅವನು ಗುಗ್ಗರಿ ಅಗಿಯುತ್ತ ಕೇಳಿದ.

"ಬೇಸಗಿಗೂ ಬೋರಿನ್ಯಾಗ ನೀರು ಬಂದ್ರ ತಗೊಂತಾರ. ಬರೀ ಬೋರ್ಡಿಗೆ ಯಾರು ಬರ್ತಾರ?"

"ನಿನ್ನ ಬಾಯಿ ಒಂದು! ಹೊಸ ನಕ್ಷಾ ತರ್ತೀನಿ. ಆಫೀಸಿನ್ಯಾಗ ಮೇಡಂ ಅಂತಽ ಅಂತೀನಿ ಮತ್ತ."

"ಅನ್ರಿ. ನಕ್ಷಾದಾಗ ಹಳ್ಳ ಇದ್ರ ಮುಂದ ಕಳಸ್ತೀನಿ. ಇರಲಿಲ್ಲಂದ್ರ ಇಲ್ಲ."

"ಇರ್ತದ ಮಾರಾಯ್ತಿ!" ಈ ಸಲ ಅವನು ನಕ್ಕಾಗ ಅವಳಿಗೂ ನಗು ಬಂತು.

ಸ್ಕೂಟಿ ಹತ್ತುವಾಗ ಕನ್ನಡಿಯಲ್ಲಿ ತನ್ನ ಮುಖ ಕಂಡಳು, ಎರಡೂ ಕೆನ್ನೆ ಹಳದಿ. ಕಚೇರಿಯಲ್ಲಿ ಕೇಳುತ್ತಾರೆ. ಕೇಳಲಿ. ಒರೆಸಿಕೊಳ್ಳದೆ ಗಾಡಿ ಚಾಲೂ ಮಾಡಿದಳು.